ಡಬ್ಬದ ಮೇಲಕ್ಕೇ ಬರುತ್ತಿದ್ದ ಪಿನ್ನು

ಚಿಂತಾಮಣಿಯಲ್ಲಿ ಬಂದೂಕು ರಿಪೇರಿಗೆ ಲೈಸೆನ್ಸ್ ಇದ್ದವನು ಕೊಂಡಪ್ಪ ಒಬ್ಬನೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೋರ್ಡು ಇರಲಿಲ್ಲ. ಬೇಕಾದವರಿಗೆ ಗೊತ್ತಿತ್ತು, ಬೇಡದವರಿಗೆ ಗೊತ್ತಾಗುವುದು ಅವನಿಗೂ ಬೇಕಿರಲಿಲ್ಲ. ಕಾಡುಹಂದಿ ಕಾಟಕ್ಕೆಂದು ಬಂದೂಕು ಇಟ್ಟುಕೊಂಡ ರೈತರು ಗೌರಿಬಿದನೂರಿನಿಂದ ಹಿಡಿದು ಶಿಡ್ಲಘಟ್ಟದವರೆಗೆ ಅವನಲ್ಲಿಗೇ ಬರುತ್ತಿದ್ದರು. ನಲವತ್ತು ವರ್ಷ ಅರ ಹಿಡಿದ ಕೈ, ಒಂದಿಷ್ಟು ಜಂಬ ಇಲ್ಲದೆ ಇದ್ದೀತೇ? "ನಾನು ಉಜ್ಜಿದ ಪಿನ್ನು ಯಾವತ್ತೂ ಕೈ ಕೊಡಲ್ಲ ಕಣಪ್ಪ" ಅನ್ನುತ್ತಿದ್ದ. ಆ ಮಾತು ಸುಳ್ಳಾಗಿದ್ದರೆ ಅವನ ಮುಪ್ಪು ನೆಮ್ಮದಿಯಾಗಿರುತ್ತಿತ್ತು.

ಕೆಲಸ ಕಲಿಸಿದ ಗುರು ಅವನಿಗೊಂದು ಕಟ್ಟು ಹಾಕಿದ್ದರು. ಬಂದೂಕಿನಿಂದ ಬಿಚ್ಚಿದ ಸಾಮಾನನ್ನು ಆಚೆ ಎಸೆಯಬಾರದು. ಗುಜರಿಗೆ ಬಿದ್ದರೆ ಅದು ಕಳ್ಳ ಬಂದೂಕಾಗಿ ಎದ್ದು ಬರುತ್ತದೆ. ಅದಕ್ಕೇ ಹಳೆಯ ಸ್ಪ್ರಿಂಗು, ತಿರುಪು, ಕಾಡತೂಸಿಗೆ ಬಡಿದು ಗುಂಡು ಹಾರಿಸುವ ಪಿನ್ನು ಎಲ್ಲ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತಿದ್ದವು. ಆಯುಧಪೂಜೆಯ ದಿನ ಆ ಡಬ್ಬಕ್ಕೂ ಕುಂಕುಮ ಇಡುವುದು ಅವನ ಹೆಂಡತಿ ಗಂಗುಲಮ್ಮನ ಕೆಲಸ.

ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲು ಇನ್ನೂ ಪೂರ್ತಿ ತೆಗೆದಿರಲಿಲ್ಲ, ಗಂಗುಲಮ್ಮನ ತಮ್ಮ ರಮೇಶ್‌ಬಾಬು ಮೇಲೂರಿನಿಂದ ಬಂದ. ತಾಯಿಯಿಲ್ಲದ ಹುಡುಗ, ಅಕ್ಕನೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಮಂಗಳವಾರ ಮಂಗಳವಾರ ಅಕ್ಕನ ಮನೆ ಊಟ ಅವನಿಗೆ ಇವತ್ತಿಗೂ ತಪ್ಪಿಲ್ಲ. ಗೋಣಿಚೀಲದಲ್ಲಿ ಸುತ್ತಿದ ಬಂದೂಕನ್ನು ಮೇಜಿನ ಮೇಲಿಟ್ಟ.

"ಪಿನ್ನು ಬದಲಾಯ್ಸು ಭಾವ."

ಕೊಂಡಪ್ಪ ಬಿಚ್ಚಿ ನೋಡಿದ. ತಾನೇ ಮಾಡಿಕೊಟ್ಟ ಪಿನ್ನು. "ಚೆನ್ನಾಗೇ ಇದೆಯಲ್ಲೋ."

"ಇರ್ಲಿ ಬಿಡು. ಹೊಸದು ಹಾಕು."

ಹಾಕಿಕೊಟ್ಟ. ಭಾಮೈದನ ಕೆಲಸ ಅಂತ ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಹಳೆಯ ಪಿನ್ನು ಡಬ್ಬ ಸೇರಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಮೇಲೂರಿನ ಹಿಪ್ಪುನೇರಳೆ ತೋಟದಲ್ಲಿ ಸುನೀಲ್ ಎಂಬ ರೇಷ್ಮೆಗೂಡಿನ ವ್ಯಾಪಾರಿಯನ್ನು ಹಿಂದಿನ ರಾತ್ರಿ ಯಾರೋ ಗುಂಡಿಟ್ಟು ಕೊಂದಿದ್ದರು. ಅವನಿಗೂ ರಮೇಶ್‌ಬಾಬುಗೂ ಬದುವಿನ ಜಗಳ ಇದ್ದದ್ದು ಊರಿಗೇ ಗೊತ್ತಿತ್ತು. ಪೊಲೀಸರು ಸುತ್ತಮುತ್ತಲ ಬಂದೂಕುಗಳನ್ನೆಲ್ಲ ಒಯ್ದು ಪರೀಕ್ಷೆ ಮಾಡಿಸಿದರು, ಒಂದೂ ತಾಳೆಯಾಗಲಿಲ್ಲ. ಹೇಗೆ ತಾಳೆಯಾದೀತು? ತಾಳೆಯಾಗಬೇಕಾದದ್ದು ಬಿಸ್ಕತ್ತಿನ ಡಬ್ಬದಲ್ಲಿ ಮಲಗಿತ್ತು. ಕೊಂಡಪ್ಪನಿಗೆ ಅದು ಬಾಯೊಳಗಿನ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಆಮೇಲೆ ಶುರುವಾಯಿತು ನೋಡಿ ಡಬ್ಬದ ಕಾಟ. ಅವನು ಆ ಪಿನ್ನನ್ನು ತಳಕ್ಕೆ ತಳ್ಳಿ, ಮೇಲೆ ಸ್ಪ್ರಿಂಗು, ತಿರುಪು ಸುರಿದು ಮುಚ್ಚಿಡುತ್ತಿದ್ದ. ಮಾರನೆಯ ದಿನ ಮುಚ್ಚಳ ತೆಗೆದರೆ ಅದು ಎಲ್ಲಕ್ಕಿಂತ ಮೇಲೆ ಇರುತ್ತಿತ್ತು. ತುಕ್ಕು ಹಿಡಿದ ರಾಶಿಯಲ್ಲಿ ಅದೊಂದೇ ಹೊಳೆಯುತ್ತಿತ್ತು. ಬಟ್ಟೆಯಲ್ಲಿ ಕಟ್ಟಿ ಇಟ್ಟ, ಗಂಟು ಬಿಚ್ಚಿಕೊಂಡಿತು. ಒಂದು ಸಲ ಮುಟ್ಟಿದಾಗ ಬೆಚ್ಚಗಿತ್ತು, ಈಗ ತಾನೇ ಯಾರೋ ಕೈಯಲ್ಲಿ ಹಿಡಿದು ಬಿಟ್ಟ ಹಾಗೆ. ಅವತ್ತಿನಿಂದ ಮುಚ್ಚಳ ತೆಗೆಯುವ ಮುಂಚೆ ಅವನು ಕೆಮ್ಮುವ ಅಭ್ಯಾಸ ಮಾಡಿಕೊಂಡ. ಭಯಪಟ್ಟಿದ್ದ, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾರದೆ ಇನ್ನಷ್ಟು ಭಯಪಟ್ಟಿದ್ದ.

ನಾಲ್ಕು ವರ್ಷ ಕಳೆದ ಮೇಲೆ ಮುರುಗಮಲ್ಲದ ಕಡೆಯ ವೆಂಕಟರವಣಪ್ಪ ಪಿನ್ನು ಮುರಿದ ಬಂದೂಕು ತಂದ. ಅವಸರ ಮಾಡಿದ. ಡಬ್ಬ ತೆಗೆದರೆ ಮೇಲೇ ಇತ್ತು ಅದು. ಅಳತೆಯೂ ಸರಿಯಿತ್ತು. ಕೊಂಡಪ್ಪ ಒಂದು ಗಳಿಗೆ ಕೈ ತಡೆದ, ಆಮೇಲೆ ಕೂರಿಸಿಯೇಬಿಟ್ಟ. ಮನೆಯಿಂದ ಶನಿ ತೊಲಗಿತು ಅಂದುಕೊಂಡ. ತೊಲಗಿದ ಶನಿ ಇನ್ನೊಬ್ಬರ ಮನೆ ಹೊಕ್ಕಿತು ಅನ್ನುವುದನ್ನು ಯೋಚಿಸುವಷ್ಟು ದೊಡ್ಡ ಮನಸ್ಸು ಅವತ್ತು ಅವನಿಗಿರಲಿಲ್ಲ.

ಈ ವರ್ಷ ಚುನಾವಣೆಗೆ ಎಲ್ಲರ ಬಂದೂಕೂ ಠಾಣೆ ಸೇರಿದವು. ಬಗೆಹರಿಯದ ಹಳೆಯ ಕೇಸುಗಳನ್ನು ಮತ್ತೆ ತೆಗೆದಿದ್ದರಿಂದ ಅಲ್ಲಿಂದ ಪರೀಕ್ಷೆಗೂ ಹೋದವು. ಸುನೀಲ್ ಕೊಲೆಗೆ ವೆಂಕಟರವಣಪ್ಪನ ಬಂದೂಕು ತಾಳೆಯಾಯಿತೆಂದು ಅವನನ್ನು ಹಿಡಿದು ಒಳಗೆ ಹಾಕಿದರು. ಅವನ ಹೆಂಡತಿ ಅಮ್ಮಾಜಮ್ಮ ಬಂದು ಕೊಂಡಪ್ಪನ ಮೆಟ್ಟಿಲ ಮೇಲೆ ಕೂತಳು. "ಅಣ್ಣಾ, ಆ ತುಪಾಕಿ ರಿಪೇರಿ ಮಾಡ್ದೋರು ನೀವು. ನಮ್ಮೋರು ಅಂಥೋರಲ್ಲ ಅಂತ ನೀವಾದ್ರೂ ಹೇಳಿ." ಕೊಂಡಪ್ಪ ಅವಳ ಮುಖ ನೋಡಲಿಲ್ಲ.

ಮಾರನೆಯ ದಿನ ಮಂಗಳವಾರ. ಬೆಂಗಳೂರಿನ ಪ್ರಯೋಗಾಲಯದಿಂದ ಹರಿಣಿ ಎಂಬ ಅಧಿಕಾರಿ ಒಬ್ಬ ಕಾನ್‌ಸ್ಟೇಬಲ್ ಜೊತೆ ಬಂದಳು. ಬಂದವಳೇ ಬೈಯಲಿಲ್ಲ, ಗದರಲಿಲ್ಲ. ಎರಡು ಫೋಟೊ ಮೇಜಿನ ಮೇಲಿಟ್ಟಳು.

"ರೈಫಲ್ ಆಗಿದ್ರೆ ನಳಿಗೆ ಒಳಗಿನ ಸುರುಳಿ ಗೆರೆ ಗುಂಡಿನ ಮೇಲೆ ಮೂಡುತ್ತೆ. ಈ ಬಂದೂಕುಗಳ ನಳಿಗೆ ನುಣುಪು, ಗುಂಡು ಏನೂ ಹೇಳಲ್ಲ. ಹೇಳೋದು ಖಾಲಿ ಕಾಡತೂಸು. ಪಿನ್ನು ಬಡಿದ ಕಡೆ ಅದರ ತುದಿ ಅಚ್ಚು ಬೀಳುತ್ತೆ. ಇದು ಸುನೀಲ್ ಸತ್ತ ಜಾಗದ್ದು. ಇದು ವೆಂಕಟರವಣಪ್ಪನ ಬಂದೂಕಿನಿಂದ ನಾವು ಹಾರಿಸಿ ನೋಡಿದ್ದು."

ಎರಡರಲ್ಲೂ ಕಾಡತೂಸಿನ ಹಿತ್ತಾಳೆ ತಳದ ನಡುವೆ ದುಂಡನೆಯ ತಗ್ಗು, ತಗ್ಗಿನಲ್ಲಿ ಉಗುರು ಗೀರಿದಂಥ ಓರೆ ಗೆರೆ. ತನ್ನ ಅರದ ಮುರಿದ ಹಲ್ಲು ಹಾಕಿದ ಗೆರೆ. ಕೊಂಡಪ್ಪನಿಗೆ ಎರಡು ಕಣ್ಣು ತನ್ನನ್ನೇ ನೋಡುತ್ತಿವೆ ಅನ್ನಿಸಿತು.

"ಆದ್ರೆ ಒಂದು ತೊಡಕಿದೆ," ಅಂದಳು ಹರಿಣಿ. "ಗುಂಡು ಹಾರಿದಾಗ ಕಾಡತೂಸು ಹಿಂದಕ್ಕೆ ಒದ್ದು ಬಂದೂಕಿನ ಹಿಂಬದಿ ಗೋಡೆಗೆ ಒತ್ತುತ್ತೆ. ಆ ಗೋಡೆ ಗೀರುಗಳೂ ಅದರ ಮೇಲೆ ಮೂಡುತ್ತವೆ. ಹನ್ನೆರಡು ವರ್ಷದ ಹಿಂದೆ ಪಿನ್ನಿನ ಅಚ್ಚನ್ನಷ್ಟೇ ನೋಡಿದ್ರು, ಇವನ್ನ ಯಾರೂ ನೋಡಿರಲಿಲ್ಲ. ಅವು ತಾಳೆ ಆಗ್ತಿಲ್ಲ. ಪಿನ್ನು ಹೌದು ಅನ್ನುತ್ತೆ, ಗೋಡೆ ಅಲ್ಲ ಅನ್ನುತ್ತೆ. ಹೀಗೆ ಯಾಕಾಗುತ್ತೆ ಕೊಂಡಪ್ಪನವರೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಕೊಂಡಪ್ಪನ ಕಣ್ಣು ತಾನಾಗಿ ಬಿಸ್ಕತ್ತಿನ ಡಬ್ಬದ ಕಡೆ ಹೋಯಿತು. ಸುಮ್ಮನಿದ್ದರೆ ವೆಂಕಟರವಣಪ್ಪ ಒಳಗೆ ಕೊಳೆಯುತ್ತಾನೆ, ಬಾಯಿಬಿಟ್ಟರೆ ಗಂಗುಲಮ್ಮನ ಕರುಳನ್ನು ತಾನೇ ಕೊಯ್ದ ಹಾಗೆ. ಅಮ್ಮಾಜಮ್ಮ ಕೂತಿದ್ದ ಮೆಟ್ಟಿಲು ಕಣ್ಣೆದುರಿಗೇ ಇತ್ತು. ಕೊನೆಗೆ ರಿಜಿಸ್ಟರು ತೆಗೆದು ಎಂಟು ವರ್ಷದ ಹಿಂದಿನ ಪುಟ ತೋರಿಸಿದ.

"ಕೊಲೆ ಆಗಿ ನಾಕು ವರ್ಷ ಆದ್ಮೇಲೆ ಹಾಕಿದ್ದಮ್ಮ ಆ ಪಿನ್ನು. ಹೊಸದಲ್ಲ. ಈ ಡಬ್ಬದಲ್ಲಿದ್ದ ಹಳೇದು. ವೆಂಕಟರವಣಪ್ಪಂದು ಏನೂ ತಪ್ಪಿಲ್ಲ."

"ಡಬ್ಬಕ್ಕೆ ಬರೋಕೆ ಮುಂಚೆ ಯಾರ ಬಂದೂಕಲ್ಲಿತ್ತು?"

ಕೊಂಡಪ್ಪ ರಿಜಿಸ್ಟರಿನ ಮೇಲಿಂದ ಕೈ ತೆಗೆದ. ಅದರಲ್ಲಿ ರಮೇಶ್‌ಬಾಬು ಬಂದಿದ್ದ ಬೆಳಿಗ್ಗೆಯ ಪುಟ ಖಾಲಿಯಿತ್ತು. ಫ್ಯಾನಿನ ಗಾಳಿಗೆ ಪುಟಗಳು ತಾವಾಗಿ ಮಗುಚಿ ಅಲ್ಲಿಗೇ ಬಂದು ನಿಂತವು.

"ನನ್ನ ತಮ್ಮಂದು ಕಣಮ್ಮ. ಮೇಲೂರಿನ ರಮೇಶ್‌ಬಾಬು."

ಅಡುಗೆಮನೆಯ ಬಾಗಿಲಲ್ಲಿ ಗಂಗುಲಮ್ಮ ನಿಂತಿದ್ದಳು. ಕೊಂಡಪ್ಪ ತಿರುಗಿ ನೋಡಿದ. "ನಿಂಗೆ ಹೆಂಗೆ ಗೊತ್ತು?"

"ಅವತ್ತು ಕಾಫಿ ತಂದೋಳು ಬಾಗಿಲ ಹಿಂದೆನೇ ನಿಂತಿದ್ದೆ. ನೀವು ತಳಕ್ಕೆ ತಳ್ಳಿ ಮುಚ್ಚಿಟ್ಟು ಹೋಗ್ತಿದ್ರಿ. ನೀವು ಆಚೆ ಹೋದ್ಮೇಲೆ ನಾನು ಹುಡುಕಿ ತೆಗೀತಿದ್ದೆ. ಸೆರಗಲ್ಲಿ ಒರೆಸಿ, ಕೈಯಲ್ಲಿ ಹಿಡ್ಕೊಂಡು ಕೂತ್ಕೋತಿದ್ದೆ. ಎತ್ತಿ ಆಡ್ಸಿದ ಮಗು, ಹಿಂಗೆ ಮಾಡ್ಬಿಡ್ತಾ ಅಂತ ಅದನ್ನೇ ಕೇಳ್ತಿದ್ದೆ. ನಿಮ್ಮ ಹೆಜ್ಜೆ ಕೇಳ್ಸಿದ್ರೆ ಮೇಲೇ ಹಾಕಿ ಎದ್ಬಿಡ್ತಿದ್ದೆ."

ನಾಲ್ಕು ವರ್ಷ ಯಾವುದಕ್ಕೆ ಹೆದರಿ ಕೆಮ್ಮುತ್ತಿದ್ದನೋ ಅದು ಅಡುಗೆಮನೆಯಲ್ಲೇ ಇತ್ತು. ಕೊಂಡಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಹರಿಣಿ ಎದ್ದು ನಿಂತಳು. ಗಂಗುಲಮ್ಮ ಗೋಡೆಯ ಗಡಿಯಾರ ನೋಡಿದಳು.

"ಇವತ್ತು ಮಂಗಳವಾರ. ಊಟಕ್ಕೆ ಬರ್ತಾನೆ. ಉಂಡಾದ್ಮೇಲೆ ಕರ್ಕೊಂಡ್ ಹೋಗಮ್ಮ," ಅಂದು ಮುದ್ದೆಗೆ ಎಸರಿಡಲು ಒಳಗೆ ಹೋದಳು.