ಎರಡು ಸುತ್ತು ಸಡಿಲ

ಸೈಕಲ್ ರಿಪೇರಿ ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ. ಬೆಲ್ ಕದ್ದವನೊಬ್ಬನ ದವಡೆಯನ್ನು ಗಾಳಿ ಪಂಪಿನಿಂದಲೇ ಮುರಿದಿದ್ದ. ಒದ್ದು ಒದ್ದು ತನ್ನದೇ ಅಂಗಡಿಯ ಬಾಗಿಲನ್ನು ಮೂರು ಸಲ ಬದಲಾಯಿಸಿದ್ದ. ಬೀದಿಯವರು ಅವನನ್ನು ಗುದ್ದಪ್ಪ ಎನ್ನುತ್ತಿದ್ದರು, ಎದುರಿಗಲ್ಲ ಬಿಡಿ. ಅಳಿಯ ಬಂದರೆ ಮಾತ್ರ ಈ ಹುಲಿ ಇಲಿಯಾಗುತ್ತಿತ್ತು.

ಅಳಿಯ ಮಗಳನ್ನು ಬಡಿಯುತ್ತಿದ್ದ. ಮದುವೆಯಾದ ಮೂರು ವರ್ಷದಲ್ಲಿ ಅವಳ ಒಂದು ಹಲ್ಲು ಹೋಗಿತ್ತು, ಎರಡು ಬೆರಳು ಸೊಟ್ಟಗಾಗಿದ್ದವು. ಅವಳು ಅಳುತ್ತ ಬಂದಾಗಲೆಲ್ಲ ಮೇಸ್ತ್ರಿ ಹಲ್ಲು ಕಡಿಯುತ್ತಿದ್ದ, ಆಮೇಲೆ "ಹೊಂದ್ಕೊಂಡು ಹೋಗಮ್ಮ, ಸರಿಹೋಗ್ತಾನೆ" ಎಂದು ವಾಪಸು ಕಳಿಸುತ್ತಿದ್ದ. ನಾಲ್ಕು ಜನ ಏನಂದಾರು ಎಂಬ ಭಯ. ಥೂ, ನಾಲ್ಕು ಜನರಂತೆ! ಆ ನಾಲ್ವರು ಯಾರು ಎಂದು ಕೇಳಿದ್ದರೆ ಅವನಿಗೆ ಒಬ್ಬನನ್ನೂ ತೋರಿಸಲು ಆಗುತ್ತಿರಲಿಲ್ಲ.

ಹಳೇ ಸೈಕಲ್‌ಗಳ ದೂರದ ಸವಾರಿಯೊಂದು ಏರ್ಪಾಡಾಗಿತ್ತು, ಅದಕ್ಕೆ ಮನೆಯವರ ಹೆಸರು ಬರೆಸಿದವನು ಅಳಿಯನೇ. ನಲವತ್ತು ವರ್ಷ ದಾಟಿದ ಸೈಕಲ್ಲೇ ಆಗಬೇಕು. ಒಂದೇ ಹಗಲಿನಲ್ಲಿ ನೂರೈವತ್ತು ಕಿಲೋಮೀಟರ್. ಮೂವರ ಗುಂಪು, ಮೂವರೂ ಒಟ್ಟಿಗೆ ಗುರಿ ಮುಟ್ಟಬೇಕು.

"ಮಾವ, ಮೂರು ಗಾಡಿ ರೆಡಿ ಮಾಡಿ. ನೀವೂ ಬನ್ನಿ, ಇವಳೂ ಬರ್ತಾಳೆ," ಎಂದು ಅಪ್ಪಣೆ ಕೊಡಿಸಿದ.

ಎಂಬತ್ತನೇ ಕಿಲೋಮೀಟರಿಗೆ ಒಂದು ಗುಡ್ಡ. ಅದರಾಚೆ ಕಡಿದಾದ ಇಳಿಜಾರು, ಇಳಿಜಾರಿನ ತುದಿಗೆ ತಿರುವು, ತಿರುವಿನಾಚೆ ಕಲ್ಲುಗಣಿ. ದಾರಿಯ ನಕ್ಷೆ ನೋಡಿದ ದಿನ ಮೇಸ್ತ್ರಿ ಹೊಟ್ಟೆ ತುಂಬ ಉಂಡ.

ಮಗಳ ಹಸಿರು ಸೈಕಲ್ಲಿನ ಚಕ್ರಗಳಿಗೆ ಹೊಸ ಬೇರಿಂಗ್ ಹಾಕಿ, ಮುಟ್ಟಿದರೆ ಉರುಳುವಂತೆ ಮಾಡಿದ. ಅಳಿಯನಿಗೆಂದು ಇಟ್ಟ ಕರಿ ಸೈಕಲ್ಲಿಗೆ ಒಂದು ತೊಟ್ಟು ಎಣ್ಣೆಯನ್ನೂ ಬಿಡಲಿಲ್ಲ.

ಸವಾರಿಯ ದಿನ ಗುಡ್ಡ ಹತ್ತುವಾಗ ಅಳಿಯನಿಗೆ ಏದುಸಿರು ಬಂತು. ತನಗಿಂತ ಮುಂದೆ ಹೋದಳೆಂದು ಹೆಂಡತಿಯ ಬೆನ್ನಿಗೆ ದಬ್ ಎಂದು ಗುದ್ದಿದ. ಹಿಂದಿನ ಗುಂಪಿನವರು ಕಂಡೂ ಕಾಣದವರಂತೆ ಮುಂದೆ ಹೋದರು. ಗುಡ್ಡದ ನೆತ್ತಿಯಲ್ಲಿ ಸವಾರರಿಗೆ ನೀರು ಕೊಡಲು ಒಬ್ಬಳು ಕೂತಿದ್ದಳು. ಗಂಡ ಹೆಂಡತಿ ಇಬ್ಬರೂ ಅಲ್ಲಿ ನೀರು ಕುಡಿಯುತ್ತಿದ್ದಾಗ ಮೇಸ್ತ್ರಿ ಕರಿ ಸೈಕಲ್ಲಿನ ಪಕ್ಕ ಕೂತ. ಮುಂದಿನ ಬ್ರೇಕಿನ ಕಡ್ಡಿಯ ನಟ್ಟು, ಹಿಂದಿನದರ ನಟ್ಟು, ಎರಡನ್ನೂ ಎರಡೆರಡು ಸುತ್ತು ಸಡಿಲಿಸಿದ. ಮೆಲ್ಲಗೆ ಹಿಡಿದರೆ ಸೈಕಲ್ ನಿಲ್ಲುತ್ತದೆ, ಜೋರಾಗಿ ಎಳೆದರೆ ಕಡ್ಡಿ ಕಳಚುತ್ತದೆ. ಸಾಯಲಿ ಹಾಳಾದವನು ಎಂದುಕೊಂಡು ಕೈ ತೊಳೆಯಲು ಹೋದ.

ಬಂದು ನೋಡಿದರೆ ಅವರಿಬ್ಬರೂ ಹೊರಟುಬಿಟ್ಟಿದ್ದರು. ಮುಂದೆ ಹೋಗುತ್ತಿದ್ದ ಅಳಿಯನ ಕೆಳಗೆ ಹಸಿರು ಸೈಕಲ್! "'ನಿಂದು ಸಲೀಸಾಗಿ ಓಡುತ್ತೆ, ಇಳಿಯೇ' ಅಂತ ಅವಳ ಜುಟ್ಟು ಹಿಡಿದು ಇಳಿಸಿದ ಕಣಣ್ಣ," ಎಂದಳು ನೀರು ಕೊಡುವವಳು. ಕರಿ ಸೈಕಲ್ ಮೇಲೆ ಮಗಳು ಇಳಿಜಾರಿನಲ್ಲಿದ್ದಳು.

ಮೇಸ್ತ್ರಿ ತನ್ನ ಸೈಕಲ್ ಹತ್ತಿದವನೇ ಬ್ರೇಕ್ ಮುಟ್ಟದೆ ಬಿಟ್ಟ. ಕೂಗಿದ, ಗಾಳಿಯಲ್ಲಿ ಅವಳಿಗೆ ಕೇಳಿಸಲಿಲ್ಲ. ಅವಳು ಬ್ರೇಕ್ ಎಳೆದದ್ದು, ಕಡ್ಡಿಗಳೆರಡೂ ಕಳಚಿ ಒಂದು ಟಣ್ಣನೆ ರಸ್ತೆಗೆ ಬಿದ್ದದ್ದು ಕಂಡಿತು. ಅವಳು ಚೀರುತ್ತ ಕಾಲನ್ನು ನೆಲಕ್ಕೆ ಉಜ್ಜುತ್ತಿದ್ದಳು, ಚಪ್ಪಲಿ ಹರಿದು ಹಿಮ್ಮಡಿಯ ಚರ್ಮ ಕಿತ್ತು ಬರುತ್ತಿತ್ತು. ತಿರುವಿಗೆ ಐವತ್ತು ಮಾರೂ ಇರಲಿಲ್ಲ. ಮೇಸ್ತ್ರಿ ಪಕ್ಕಕ್ಕೆ ಬಂದು, ಇದ್ದಬದ್ದ ಬಲವನ್ನೆಲ್ಲ ಹಾಕಿ, ತನ್ನ ಸೈಕಲ್ಲನ್ನು ಮಗಳ ಮೇಲೆ ನುಗ್ಗಿಸಿ ಗುಡ್ಡದ ಬಂಡೆಗೆ ಕೆಡವಿದ. ಅವಳ ಭುಜದ ಮೂಳೆ ಲಟಕ್ಕೆಂದದ್ದು ಅವನಿಗೆ ಕೇಳಿಸಿತು.

ಎದ್ದಾಗ ಅವನ ಬಾಯಿ ತುಂಬ ರಕ್ತ. ಮಗಳು ತೋಳು ಜೋತುಬಿದ್ದಂತೆಯೇ ಕೂತು ಸೈಕಲ್ಲನ್ನು ನೋಡುತ್ತಿದ್ದಳು. ಜಾರಿಹೋಗದೆ ಉಳಿದಿದ್ದ ನಟ್ಟಿನ ತುಕ್ಕಿನ ಮೇಲೆ ಸ್ಪ್ಯಾನರಿನ ಹೊಸ ಗೀರಿತ್ತು. ಅಂಗಡಿಯಲ್ಲೇ ಬೆಳೆದವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ನೀನೇ ಅಲ್ವೇನಪ್ಪ?"

ಮೇಸ್ತ್ರಿ ಹೂಂ ಎಂದ.

"ಅವನನ್ನ ಕೊಲ್ಲೋಕೆ ಧೈರ್ಯ ಬಂತು. ಮನೆಗೆ ಬಾ ಮಗಳೇ ಅಂತ ಕರೆಯೋಕೆ ಮೂರು ವರ್ಷದಿಂದ ಬರಲಿಲ್ಲ, ಅಲ್ವಾ?"

ತಿರುವಿನ ಕಡೆಯಿಂದ ಅಳಿಯ ಬೈಯುತ್ತ ಬರುತ್ತಿದ್ದ. "ಏಳೇ, ಟೈಮ್ ಆಗ್ತಿದೆ!" ಅಷ್ಟರಲ್ಲಿ ಸವಾರಿಯವರ ವ್ಯಾನು ಬಂದು ನಿಂತಿತು. ಡ್ರೈವರ್ ಪುಸ್ತಕ ತೆಗೆದು, "ಆಸ್ಪತ್ರೆಯವರು ಕೇಳ್ತಾರೆ. ಯಾವ ಮನೆ ಅಂತ ಬರ್ಕೊಳ್ಳಲಿ?" ಎಂದ.

"ನಮ್ಮನೆ," ಎಂದ ಮೇಸ್ತ್ರಿ. ಮುರಿದ ಹಲ್ಲುಗಳಿಂದ ಮಾತು ತೊದಲಿತು, ಡ್ರೈವರಿಗೆ ತಿಳಿಯಲಿಲ್ಲ. ಮಗಳು ಬಿಡಿಸಿ ಹೇಳಲಿಲ್ಲ, ಅಪ್ಪನ ಬಾಯಿಯನ್ನೇ ನೋಡುತ್ತ ಕೂತಳು. ಮೇಸ್ತ್ರಿ ರಕ್ತ ಉಗಿದು, ಅಳಿಯನಿಗೂ ಕೇಳಿಸುವ ಹಾಗೆ, ಇನ್ನೊಂದು ಸಲ ಕೂಗಿ ಹೇಳಿದ.