ಬೋರ್ಡು ಮುಚ್ಚುವ ಮರಗಳು

ನಮ್ಮ ಸೋದರತ್ತೆ, ಮಕ್ಕಳ ಆಟದ ಮೈದಾನ ಗುಡಿಸುವವಳು. ಜಾರುಬಂಡೆ ಹತ್ತುವ ಪ್ರತಿ ಮಗುವಿಗೂ ‘ಹುಷಾರು’ ಎನ್ನುತ್ತಿದ್ದುದರಿಂದ ಮಕ್ಕಳು ಅವಳಿಗೆ ಹುಷಾರಮ್ಮ ಎಂದೇ ಹೆಸರಿಟ್ಟಿದ್ದರು. ಕೋಪ ಬಂದರೆ ಕೂಗಾಡುವ ಹೆಂಗಸಲ್ಲ. ಕೋಪವನ್ನು ಮಡಿಸಿ, ಮಡಿಕೆ ಕೆಡದ ಹಾಗೆ ಪೆಟ್ಟಿಗೆಯಲ್ಲಿಡುವವಳು.

ಮೈದಾನದ ಪಶ್ಚಿಮದ ಅಂಚಿನಲ್ಲಿ ಒಂದು ದೊಡ್ಡ ಬೇವಿನ ಮರವಿತ್ತು. ಮಕ್ಕಳು ಶಾಲೆ ಬಿಟ್ಟು ಬರುವ ನಾಲ್ಕು ಗಂಟೆಯ ಹೊತ್ತಿಗೆ ಅದರ ನೆರಳು ತಗಡಿನ ಜಾರುಬಂಡೆಯ ಮೇಲೆ ಬೀಳುತ್ತಿತ್ತು. ಮರದಾಚೆಗೆ ಸೋಫಾ ಅಂಗಡಿ. ಅಂಗಡಿಯ ಸಾಹುಕಾರರು ಮೈದಾನದ ಕಡೆಯ ಗೋಡೆಗೆ ಉದ್ದನೆಯ ಬೋರ್ಡು ಹಾಕಿಸಿದರು. ಮರ ಅಡ್ಡವಿದ್ದುದರಿಂದ ಮೈದಾನದ ಮುಂದಿನ ರಸ್ತೆಯಲ್ಲಿ ಹೋಗುವವರಿಗೆ ಕೊನೆಯ ಅಕ್ಷರ ಮಾತ್ರ ಕಾಣುತ್ತಿತ್ತು. ಕೊಂಬೆ ಮುರಿದು ಮಕ್ಕಳ ಮೇಲೆ ಬೀಳಬಹುದು ಎಂದು ಅವರು ನಗರಸಭೆಗೆ ಅರ್ಜಿ ಕೊಟ್ಟರು. ಒಂದು ಬೆಳಿಗ್ಗೆ ಅತ್ತೆ ಪೊರಕೆ ಹಿಡಿದು ಬರುವಷ್ಟರಲ್ಲಿ ಮರ ತುಂಡು ತುಂಡಾಗಿ ಬಿದ್ದಿತ್ತು. ಅದರ ಎಲೆಗಳನ್ನೂ ಅವಳೇ ಗುಡಿಸಬೇಕಾಯಿತು.

ಹದಿನೈದು ದಿನ ಕಳೆದ ಮೇಲೆ ಅವಳ ಐದು ವರ್ಷದ ಮೊಮ್ಮಗಳು ಬಿಸಿಲಿಗೆ ಕಾದ ಜಾರುಬಂಡೆಯಿಂದ ಜಾರಿದಳು. ತೊಡೆಯ ಹಿಂಭಾಗವೆಲ್ಲ ಬೊಬ್ಬೆ. ಎಂಟು ದಿನ ಮಗು ಬೋರಲು ಮಲಗಿತು. ಔಷಧಿ ಹಚ್ಚುವಾಗ ಅತ್ತೆ ಅಳಲಿಲ್ಲ.

"ಅವನ ಬೋರ್ಡನ್ನ ಯಾರೂ ಓದಬಾರದು, ಹಂಗೆ ಮಾಡ್ತೀನಿ," ಎಂದಳು, ಅಷ್ಟೆ.

ಬೊಬ್ಬೆಯ ಸುದ್ದಿ ಹಬ್ಬಿ, ಮೈದಾನದಲ್ಲಿ ಗಿಡ ನೆಡಬೇಕೆಂದು ಬೀದಿಯವರು ಸಮಿತಿ ಮಾಡಿಕೊಂಡರು. ನಿವೃತ್ತ ಮೇಷ್ಟ್ರು ಅದರ ಮುಖಂಡರು. ಸಾಹುಕಾರರು ತಾವೇ ಮುಂದೆ ಬಂದು ಏಳು ಗಿಡ ತರಿಸಿದರು, ಆಳು ಕರೆಸಿ ಮೈದಾನದ ಹಿಂದಿನ, ಉತ್ತರದ ಗೋಡೆಯುದ್ದಕ್ಕೂ ಗುಂಡಿಗಳನ್ನೂ ತೋಡಿಸಿದರು. ಎಲ್ಲರೂ ಅವರನ್ನು ಹೊಗಳಿದರು. ಸಮಿತಿ ಯಾವಾಗಲೂ ಬೆಳಗಿನ ತಂಪಿನಲ್ಲಿ ಸೇರುತ್ತಿತ್ತು. ನಾಲ್ಕು ಗಂಟೆಯ ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಒಬ್ಬರೂ ಬಂದು ನೋಡಿರಲಿಲ್ಲ.

ನೆಡುವ ದಿನ ಮಾತ್ರ ಸಂಜೆ ನಾಲ್ಕಕ್ಕೆ ಕಾರ್ಯಕ್ರಮ. ಅತ್ತೆ ಮೇಷ್ಟ್ರ ಕೈಗೆ ಒಂದು ಬಿಚ್ಚಿದ ಛತ್ರಿ ಕೊಟ್ಟು, ಹಳೆಯ ಮರದ ಬುಡದ ಹತ್ತಿರ ಸ್ವಲ್ಪ ನಿಲ್ಲಬೇಕೆಂದು ಕೇಳಿಕೊಂಡಳು. ಅವರು ಛತ್ರಿ ಎತ್ತಿ ಹಿಡಿದದ್ದೇ ತಡ, ನೆರಳು ಜಾರುಬಂಡೆಯ ಕಡೆಗೆ ಉದ್ದಕ್ಕೆ ಚಾಚಿತು. ಬಿಸಿಲಿಗೆ ಬೆಂದಿದ್ದ ಮಕ್ಕಳು ಓಡಿಬಂದು ಅದರಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ಮೇಷ್ಟ್ರೇ, ಅಲ್ಲಾಡ್ಬೇಡಿ. ನಾಲ್ಕು ಮಕ್ಕಳು ನಿಮ್ಮ ಆಸರೇಲಿದಾರೆ," ಎಂದಳು ಅತ್ತೆ.

ತಾಯಂದಿರು ನಕ್ಕರು. ಹಿಂದಿನ ಗೋಡೆಯ ಹತ್ತಿರವೂ ನಿಂತು ನೋಡಿ ಎಂದರು ಯಾರೋ. ಮೇಷ್ಟ್ರು ಅಲ್ಲೂ ನಿಂತರು. ನೆರಳು ಗೋಡೆಯ ಪಕ್ಕದಲ್ಲೇ ಮಲಗಿತು, ಮಕ್ಕಳ ಕಡೆ ಬರಲೇ ಇಲ್ಲ.

ಸಾಹುಕಾರರ ಮುಖ ಗಂಟಾಯಿತು. "ಇವಳಿಗೆ ಮಕ್ಕಳ ಚಿಂತೆ ಅಂದ್ಕೊಂಡ್ರಾ? ನನ್ನ ಮೇಲಿನ ಹಗೆ ಇದು."

"ಹಗೆನೇ ಸಾಹುಕಾರ್ರೇ. ನಾನೆಲ್ಲಿ ಇಲ್ಲ ಅಂದೆ? ಆದ್ರೆ ನನ್ನ ಹಗೆ ನಿಂತಿರೋ ಕಡೆಯಿಂದ ಮಕ್ಕಳಿಗೆ ನೆರಳಾಗುತ್ತೆ. ನಿಮ್ಮ ಧರ್ಮ ನಿಂತಿರೋ ಕಡೆಯಿಂದ ಗೋಡೆಗೆ ಆಗುತ್ತೆ."

ಮೇಷ್ಟ್ರು ಛತ್ರಿ ಮಡಿಸಿ, ಪಶ್ಚಿಮಕ್ಕೇ ನೆಡೋಣ ಎಂದರು. ತಾಯಂದಿರು ಹಾರೆ ಹಿಡಿದು ಹೊಸ ಗುಂಡಿ ತೋಡಿದರು.

ಅಂದಿನಿಂದ ದಿನವೂ ಅತ್ತೆಯಿಂದ ಒಂದೊಂದು ಗಿಡಕ್ಕೂ ಎರಡು ಕೊಡ ನೀರು. "ಕುಡಿ ಮಗನೇ, ಬೇಗ ಎದ್ದು ನಿಲ್ಲು," ಎಂದು ಹೇಳಿಯೇ ಹೊಯ್ಯುತ್ತಿದ್ದಳು. ಮೊದಲ ಬೇಸಿಗೆಯಲ್ಲಿ ಯಾರೋ ಎರಡು ಗಿಡಗಳ ಬುಡಕ್ಕೆ ಕುದಿಯುವ ನೀರು ಸುರಿದಿದ್ದರು. ಸುರಿದದ್ದನ್ನು ಕಂಡವರಿಲ್ಲ. ಅತ್ತೆ ಬೇರೆ ಗಿಡ ನೆಟ್ಟಳು. ಆಮೇಲೆ ಮಧ್ಯಾಹ್ನದ ಊಟದ ಡಬ್ಬಿಯನ್ನು ಅಲ್ಲೇ ಬಿಚ್ಚಿ, ಅಂಗಡಿಗೆ ಮುಖ ಮಾಡಿ ಕೂತು, ಕಿಟಕಿಯೊಳಗೆ ಕಾಣುವ ಸಾಹುಕಾರರನ್ನೇ ನೋಡುತ್ತ ಒಂದೊಂದು ತುತ್ತನ್ನೂ ನಿಧಾನವಾಗಿ ಅಗಿಯತೊಡಗಿದಳು. ಮೂರನೇ ವಾರ ಅವರು ತಮ್ಮ ಕುರ್ಚಿಯನ್ನು ಒಳಗೋಡೆಯ ಕಡೆ ತಿರುಗಿಸಿಕೊಂಡರು.

ನಾಲ್ಕನೇ ವರ್ಷದಿಂದ ಎಲೆಗಳು ಬೋರ್ಡನ್ನು ಮುಚ್ಚತೊಡಗಿದವು. ಅತ್ತೆ ಮನೆಗೆ ಬಂದು ಕೈಕಾಲು ತೊಳೆಯುವಾಗಲೇ ವರದಿ ಕೊಡುತ್ತಿದ್ದಳು: "ಇವತ್ತು ‘ಫಾ’ ಹೋಯ್ತು." ಜಾರುಬಂಡೆ ಅಷ್ಟು ಹೊತ್ತಿಗೆ ತಣ್ಣಗಾಗಿತ್ತು.

ಆರನೇ ವರ್ಷ ಸಾಹುಕಾರರೇ ಮೈದಾನಕ್ಕೆ ಬಂದರು. ಅಲ್ಲಿಯವರೆಗೆ ಅತ್ತೆಯನ್ನು ‘ಏ’ ಎಂದು ಕರೆಯುತ್ತಿದ್ದವರು.

"ಅಕ್ಕಾ, ಒಂದೇ ಒಂದು ಕೊಂಬೆ ಕತ್ತರಿಸ್ಕೊಳ್ತೀನಿ."

"ನೀವೀಗ ನಿಂತಿರೋದು ಅದೇ ಕೊಂಬೆ ನೆರಳಲ್ಲಿ. ಸ್ವಲ್ಪ ಈಚೆಗೆ ಬನ್ನಿ, ಬಿಸಿಲಲ್ಲಿ ನಿಂತು ಮಾತಾಡೋಣ."

ಅವರು ಬಿಸಿಲಿಗೆ ಬಂದರು. ಅತ್ತೆ ಪೊರಕೆ ಎತ್ತಿಕೊಂಡಳು. ಅವರನ್ನು ಅಲ್ಲೇ ನಿಲ್ಲಿಸಿ, ಅವರ ಸುತ್ತ ಮೈದಾನ ಪೂರ್ತಿ ಗುಡಿಸಿದಳು. ಅವರು ಬೆವರೊರೆಸುತ್ತ ಹೊರಟುಹೋದರು.

ಮುಂದಿನ ವಾರ ಬೋರ್ಡು ಗೋಡೆಯಿಂದಿಳಿದು ಅಂಗಡಿಯ ಮೂರನೇ ಮಹಡಿಯ ತಲೆಯ ಮೇಲೆ ನಿಂತಿತು. ಇನ್ನು ಅತ್ತೆ ಸುಮ್ಮನಾಗುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಅವಳು ಪೊರಕೆ ಮೂಲೆಗಿಟ್ಟು ನೇರ ಗಿಡ ಮಾರುವವನ ಹತ್ತಿರ ಹೋಗಿ, ಮೂರು ಮಹಡಿ ದಾಟುವ ಮರ ಯಾವುದಿದೆ ಎಂದು ಕೇಳಿದಳು. ಇದೆ, ಆದರೆ ಅಷ್ಟೆತ್ತರಕ್ಕೆ ಹದಿನೈದು ವರ್ಷವಾದರೂ ಬೇಕು ಎಂದನಂತೆ ಅವನು.

"ನನಗೆ ಐವತ್ತೆಂಟು. ಆ ಸಾಹುಕಾರನಿಗೆ ಅರವತ್ತು ದಾಟಿದೆ," ಎಂದಳಂತೆ ಅತ್ತೆ. "ಎರಡು ಕೊಡಪ್ಪ."