ಸಾಲಿನ ಗಂಟೆ

ಆ ಹಳೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಂಟೆ ಹೊಡೆಯುವ ಹೆಂಗಸಿಗೆ ಮಕ್ಕಳಿಟ್ಟ ಹೆಸರು ಢಣ್ಣಕ್ಕ. ಮೂಗಿನ ತುದಿಯಲ್ಲೇ ಕೋಪ. ಒಂದು ಕಾಲಕ್ಕೆ ಅದೇ ಶಾಲೆಯಲ್ಲಿ ಗಣಿತದಲ್ಲಿ ಡುಮ್ಕಿ ಹೊಡೆದು ಮನೆ ಸೇರಿದವಳು. ಗಂಡ ತೀರಿಕೊಂಡ ಮೇಲೆ ಗಂಟೆಯವಳಾಗಿ ಮರಳಿದಳು. ಮಗಳಾದರೂ ಗಣಿತ ದಾಟಲಿ ಎಂಬುದೊಂದೇ ಆಸೆ.

ನೂರು ದಾಟಿದ ಕಟ್ಟಡ. ಮೇಲೆ ಥಳಕು, ಒಳಗೆ ಹುಳುಕು. ಮಹಡಿಯ ಪರೀಕ್ಷಾ ಹಾಲ್‌ಗೆ ಒಂದೇ ಮರದ ಮೆಟ್ಟಿಲು. ಎಲ್ಲರೂ ಒಟ್ಟಿಗೆ ನುಗ್ಗಿದರೆ ತಾಳದೆಂದು, ಪರೀಕ್ಷೆ ಮುಗಿದಾಗ ಸಾಲಿನ ಗಂಟೆ ಹೊಡೆಯುವ ಪದ್ಧತಿಯಿತ್ತು: ಒಂದು ಪೆಟ್ಟಿಗೆ ಒಂದು ಸಾಲು ಇಳಿಯಬೇಕು, ಬಾಗಿಲ ಬಳಿಯದು ಮೊದಲು.

ಅಂದು ಗಣಿತದ ಪರೀಕ್ಷೆ. ಕೆಳಗೆ ಕೂತಿದ್ದ ಢಣ್ಣಕ್ಕನ ತಲೆಯ ಮೇಲೆ ಗಾರೆಯ ಪುಡಿ ಉದುರಿತು. ಕತ್ತೆತ್ತಿದಳು. ಹಾಲ್ ಹೊತ್ತಿದ್ದ ತೊಲೆ ಗೋಡೆಯಿಂದ ಬೆರಳಷ್ಟು ಜಾರಿತ್ತು. ಅದರ ಮೇಲೇ ಕೊನೆಯ ಸಾಲು. ಆ ಸಾಲಿನಲ್ಲಿ ಅವಳ ಮಗಳು.

ಓಡಿಹೋಗಿ ಹೆಡ್‌ಮೇಡಂ ಅವರನ್ನು ಕರೆತಂದಳು. ಅವರ ಮುಖ ಬಿಳಿಚಿಕೊಂಡಿತು.

"ಅಪಾಯದ ಗಂಟೆ ಬಾರಿಸ್ಲಾ ಮೇಡಂ?"

"ಬೇಡ ಕಣಮ್ಮಾ! ಎಲ್ಲಾ ಒಟ್ಟಿಗೆ ಓಡಿದ್ರೆ ಮೆಟ್ಟಿಲೇ ಮುರಿಯುತ್ತೆ. ಸಾಲಿನ ಗಂಟೆ ಹೊಡಿ. ಒಂದು ಸಾಲು ಪೂರ್ತಿ ಇಳಿದ ಮೇಲೇ ಇನ್ನೊಂದು ಪೆಟ್ಟು. ನಾನು ಮೇಲಿರ್ತೀನಿ."

"ನನ್ ಮಗಳು ಕೊನೇಲಿದಾಳೆ..."

"ಗೊತ್ತಮ್ಮಾ," ಎಂದು ಅವರು ಮೆಟ್ಟಿಲೇರಿದರು.

ಢಣ್. ಮೊದಲ ಸಾಲು ಗೊಣಗುತ್ತಾ ಇಳಿಯಿತು. "ಇನ್ನೂ ಟೈಮಿತ್ತಲ್ಲ! ಗಡಿಯಾರ ಕೆಟ್ಟಿದ್ಯಾ, ತಲೆ ಕೆಟ್ಟಿದ್ಯಾ?" ಎಂದನೊಬ್ಬ. ಬೇರೆ ದಿನವಾಗಿದ್ದರೆ ಅವನ ಕಿವಿ ಕೈಗೆ ಬರುತ್ತಿತ್ತು.

ಢಣ್. ತೊಲೆ ಲಟಕ್ಕೆಂದಿತು. ಎರಡು ಪೆಟ್ಟು ಒಟ್ಟಿಗೆ ಕೊಟ್ಟರೆ ಮಗಳು ಬೇಗ ಬರುತ್ತಾಳೆ. ಕೈ ಅದಕ್ಕೇ ತುಡಿಯಿತು. ಹೆತ್ತ ಕರುಳು ಸುಮ್ಮನಿರುತ್ತದೆಯೇ? ಆದರೆ ಮೆಟ್ಟಿಲ ಮೇಲಿದ್ದವರನ್ನೂ ಯಾರೋ ಹೆತ್ತಿದ್ದರು. ತುಟಿ ಕಚ್ಚಿ ಕಾದಳು. ಪ್ರತಿ ಸಾಲಿನ ಕೊನೆಯ ಕಾಲು ನೆಲ ಮುಟ್ಟಿದ ಮೇಲೇ ಮುಂದಿನ ಪೆಟ್ಟು ಕೊಟ್ಟಳು.

ಕಡೆಯ ಪೆಟ್ಟಿಗೆ ಮಗಳ ಸಾಲು ಇಳಿಯಿತು, ಹಿಂದೆಯೇ ಪರೀಕ್ಷೆ ಕಾಯುತ್ತಿದ್ದ ಮೇಷ್ಟ್ರು, ಹೆಡ್‌ಮೇಡಂ. ಎಲ್ಲರೂ ಅಂಗಳಕ್ಕೆ ಬಂದರು. ಮಗಳ ಕಣ್ಣು ತುಂಬಿತ್ತು.

"ಯಾಕಮ್ಮಾ ಬೇಗ ಹೊಡೆದೆ? ಕೊನೇ ಲೆಕ್ಕ ನಂಗೆ ಬರ್ತಿತ್ತು. ನಿನ್ನಿಂದಲೇ ಹೋಯ್ತು!"

ಅಷ್ಟರಲ್ಲಿ ಹಾಲ್‌ನ ನೆಲ ಧಡಾರನೆ ಕುಸಿಯಿತು. ಬಾಗಿಲಿನಿಂದ ಧೂಳು ನುಗ್ಗಿತು. ಮಗಳು ತಿರುಗಿ ನೋಡಿದಳು, ಮತ್ತೆ ತಾಯಿಯನ್ನು ನೋಡಿದಳು.

"ಇನ್ನೊಂದ್ಸಲ ಬರೆಯೋಕೆ ನೀನಿದೀಯಲ್ಲೇ," ಎಂದಳು ಢಣ್ಣಕ್ಕ, "ಸಾಕು."

ಅವಳ ಕೈ ಮಾತ್ರ ಸುತ್ತಿಗೆ ಬಿಡಲಿಲ್ಲ. ಮಗಳೇ ಒಂದೊಂದು ಬೆರಳಾಗಿ ಬಿಡಿಸಿದಳು.